ರಾತ್ರಿ ಪಾಳಿಯವನ ಹಗಲು

ಗಾಜಿನ ಮೇಲೆ ಹಬೆ, ಆ ಹಬೆಯಾಚೆ ಇನ್ನೊಂದು ಹಬೆ, ಅದು ಕಾರ್ಖಾನೆಯದೋ ನವೆಂಬರಿನ ಮೋಡವೋ ತಿಳಿಯದು, ಗೆರ್ಲಿಂಡೆ ಕೈಗವುಸಿನ ತುದಿಯಿಂದ ಟ್ರಾಮಿನ ಕಿಟಕಿ ಒರೆಸಿದಳು, ಒರೆಸಿದಷ್ಟು ಜಾಗದಲ್ಲಿ ಡ್ಯೂಸ್‌ಬುರ್ಗ್ ಅಂಗೈಯಗಲ ಕಂಡಿತು, ಒಂದು ಚಿಮಣಿ, ಅರ್ಧ ಸೇತುವೆ, ಬಂದರಿನ ಕಂದು ನೀರು, ಮತ್ತೆ ಮಸುಕು. ಚಿಕ್ಕಂದಿನಲ್ಲಿ ಈ ಸೀಟು ಮರದ್ದಿತ್ತು, ಕೂತರೆ ಅಪ್ಪನ ಕೋಟಿನ ವಾಸನೆ, ಎಲ್ಲರ ಅಪ್ಪಂದಿರ ಕೋಟಿಗೂ ಒಂದೇ ವಾಸನೆ, ಕಾದ ಕಬ್ಬಿಣ, ಒದ್ದೆ ಉಣ್ಣೆ, ಬೆವರು, ಈಗ ಟ್ರಾಮಿಗೆ ವಾಸನೆಯೇ ಇಲ್ಲ, ಊರಿಗೂ ಇಲ್ಲ, ಅಮ್ಮ ಇದ್ದಿದ್ದರೆ ಬಿಳಿ ದುಪ್ಪಟಿ ಒಗೆದು ಧೈರ್ಯವಾಗಿ ಹೊರಗೆ ಹರವುತ್ತಿದ್ದಳು, ಸಂಜೆಯ ಹೊತ್ತಿಗೆ ಅದು ಬೂದಿ ಬಣ್ಣಕ್ಕೆ ತಿರುಗುತ್ತಿರಲಿಲ್ಲ — ಅಮ್ಮ ಇದ್ದಿದ್ದರೆ. ಹೀಗೇ ಶುರುವಾಗುತ್ತದೆ, ಎಲ್ಲಿಂದ ಹೊರಟರೂ ಅಲ್ಲಿಗೇ. ಮೊನ್ನೆ ಫೋನಿನಲ್ಲಿ ಆ ಹುಡುಗಿ, ನೆರ್ಮಿನ್, ಅಪ್ಪನಿರುವ ವೃದ್ಧಾಶ್ರಮದ ದಾದಿ, ನೀವು ಎವಾಲ್ಡ್ ಅವರ ಮಗಳಲ್ವಾ, ನಿಮ್ಮಪ್ಪ ಈಗ ಪೂರಾ ನಿದ್ದೇಲೇ ಇರ್ತಾರೆ, ಡಾಕ್ಟ್ರು ಹೇಳೋದು ಒಂದು ವಾರ, ಹೆಚ್ಚಂದ್ರೆ ಎರಡು, ಬರೋದಾದ್ರೆ ಹಗಲು ಬನ್ನಿ, ಬಂದು ಎಬ್ಬಿಸಿ, ಎಬ್ಬಿಸಿದ್ರೆ ಚೆನ್ನಾಗೇ ಮಾತಾಡ್ತಾರೆ. ಎಬ್ಬಿಸಿ. ಎಷ್ಟು ಹಗುರವಾಗಿ ಅಂದುಬಿಟ್ಟಳು, ಲೋಟ ಎತ್ತಿಕೊಡಿ ಅನ್ನುವ ಹಾಗೆ. ಬ್ರೆಮೆನ್‌ನಿಂದ ಇಲ್ಲಿಯವರೆಗೆ ರೈಲಿನಲ್ಲಿ ಒಂದೇ ಒಂದು ವಾಕ್ಯವನ್ನು ಗೆರ್ಲಿಂಡೆ ತುಟಿಯೊಳಗೇ ಹೊರಳಿಸುತ್ತ ಬಂದಿದ್ದಾಳೆ, ಅಪ್ಪಾ, ಅಮ್ಮ ಬಿದ್ದ ಮೇಲೆ ಎರಡು ಗಂಟೆ ಬದುಕಿದ್ದಳು. ಇಷ್ಟೇ. ಐವತ್ತನಾಲ್ಕು ವರ್ಷ ಹೇಳದೆ ಇದ್ದದ್ದು ಇಷ್ಟೇ. ಮೂವತ್ತೊಂದು ವರ್ಷ ಬ್ರೆಮೆನ್ ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ಕೂಗಿದವಳು, ನಾಲ್ಕನೇ ಪ್ಲಾಟ್‌ಫಾರ್ಮಿನಿಂದ ಹಿಂದೆ ಸರಿಯಿರಿ ಎಂದರೆ ಸಾವಿರ ಜನ ಹಿಂದೆ ಸರಿಯುತ್ತಿದ್ದರು, ಒಬ್ಬ ಮುದುಕನ ಕಿವಿಗೆ ಇಷ್ಟು ಹೇಳಲು ಬಾರದೇ.

ಮುಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರು, ಇಬ್ಬರ ಮಡಿಲಲ್ಲೂ ಎಲೆಕೋಸಿನ ಚೀಲ, ನಮ್ಮನೆಯವ್ರು ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಯ್ತು ಕಣೇ, ಇವತ್ತಿಗೂ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಕೊಳ್ತಾರೆ. ಕಟ್ಕೊಂಡು ಎಲ್ಲಿಗೆ ಹೋಗ್ತಾರೆ? ಸೋಫಾಕ್ಕೆ. ಒಂಬತ್ತಕ್ಕೆ ಬಿಡುವು ಅಂತ ಡಬ್ಬಿ ಬಿಚ್ತಾರೆ, ಎರಡಕ್ಕೆ ಪಾಳಿ ಮುಗೀತು ಅಂತ ಕೈ ತೊಳೀತಾರೆ. ಓವರ್‌ಟೈಮ್ ಕೇಳಲ್ವಾ? ಅಯ್ಯೋ, ಭಾನುವಾರ ಬಂದ್ರೆ ಡಬಲ್ಲು, ಎರಡು ಪಾಳಿ ಗೊರಕೆ. ಇಬ್ಬರೂ ಕೋಸಿನ ಮೇಲೆ ಬಾಗಿ ನಕ್ಕರು, ಗೆರ್ಲಿಂಡೆಗೂ ನಗು ಬಂತು, ಈ ಊರಿನ ಹೆಂಗಸರು ನಗುವುದನ್ನು ಎಲ್ಲಿ ಕೇಳಿದರೂ ಗುರುತು ಹಿಡಿಯಬಹುದು, ಮೊದಲು ಬಾಯಿಗೆ ಕೈ ಹೋಗುತ್ತದೆ, ಆಮೇಲೆ ನಗು, ಯಾಕೆಂದರೆ ಗೋಡೆಯಾಚೆ ಯಾವನೋ ಒಬ್ಬ ಗಂಡಸು ಯಾವಾಗಲೂ ಮಲಗಿರುತ್ತಿದ್ದ. ಬೆಳಿಗ್ಗೆಯ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ, ವಾರಕ್ಕೊಂದು, ರಾತ್ರಿ ಪಾಳಿಯ ವಾರ ಬಂದರೆ ಬಾಗಿಲಿಗೆ ರಟ್ಟಿನ ಹಲಗೆ ನೇತುಹಾಕುವುದು ಗೆರ್ಲಿಂಡೆಯ ಕೆಲಸ, ರಾತ್ರಿ ಪಾಳಿ, ಗಂಟೆ ಒತ್ತಬೇಡಿ, ಅಕ್ಷರ ಅಮ್ಮ ಬರೆದದ್ದು, ಸುತ್ತ ಬಳ್ಳಿ ತಾನು ಬರೆದದ್ದು. ಅವರಿದ್ದ ಲಾರ್ ಬೀದಿಯಿಡೀ ಅಂಥ ಹಲಗೆಗಳು, ಕಲ್ಲಿದ್ದಲು ಮಾರುವವನು ಕೂಗುತ್ತಿರಲಿಲ್ಲ, ಟೋಪಿ ಎತ್ತಿ ಕಿಟಕಿಗೆ ತೋರಿಸುತ್ತಿದ್ದ, ಮಕ್ಕಳು ಬಾಯಾಡಿಸಿ ಸದ್ದಿಲ್ಲದೆ ಜಗಳವಾಡುತ್ತಿದ್ದರು, ಹೊಡೆಸಿಕೊಂಡವನು ಅಳಬೇಕಾದರೆ ರೈನ್ ದಂಡೆಗೆ ಓಡಿಹೋಗಿ ಅತ್ತು ಬರಬೇಕು. ಮನೆಯೊಳಗೆ ಕಾಲಿಗೆ ಉಣ್ಣೆಯ ಚಪ್ಪಲಿ, ನಲ್ಲಿಗೆ ಬಟ್ಟೆಯ ಚೂರು, ನೀರು ಬಟ್ಟೆಯಗುಂಟ ಇಳಿಯುತ್ತದೆ, ಪಾತ್ರೆಗೆ ಬಿದ್ದ ಸದ್ದಿಲ್ಲ. ಯಾಕೆ ಅಂತ ಯಾರೂ ಎರಡು ಸಲ ಕೇಳುತ್ತಿರಲಿಲ್ಲ, ಬ್ರೂನೋ ಮಾಮನ ಕಥೆ ಎಲ್ಲರಿಗೂ ಗೊತ್ತಿತ್ತು, ಅಪ್ಪನ ಜೊತೆ ಅದೇ ಕುಲುಮೆಯಲ್ಲಿದ್ದವನು, ಒಂದು ಹಗಲು ಅವನ ಮಕ್ಕಳು ಅಂಗಳದಲ್ಲಿ ಚೆಂಡಾಡಿದರು, ಅವನಿಗೆ ನಿದ್ದೆ ಹತ್ತಲಿಲ್ಲ, ಆ ರಾತ್ರಿ ಕಬ್ಬಿಣ ಹರಿಯುವ ಕಾಲುವೆಯ ಪಕ್ಕ ನಿಂತಲ್ಲೇ ತೂಕಡಿಸಿದ. ಮನೆಗೆ ಬಂದದ್ದು ಬುತ್ತಿಯ ಡಬ್ಬಿ. ಅಮ್ಮ ತಲೆ ಬಾಚುತ್ತ ಹೇಳುತ್ತಿದ್ದಳು, ನಿದ್ದೆಗೆಟ್ಟ ಗಂಡಸು ಹೋಗೋದು ಕಾಲ್ಮೇಲೆ ಪುಟ್ಟಿ, ಬರೋದು ಹಾಗಲ್ಲ. ಆ ಮಕ್ಕಳು ಆಮೇಲೆ ಚೆಂಡು ಮುಟ್ಟಲೇ ಇಲ್ಲ, ಅವರನ್ನು ಯಾರೂ ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು.

ರೂರೋರ್ಟ್, ಇಳಿಯಬೇಕು. ಮುದುಕಿಯೊಬ್ಬಳು ಚೀಲ ಸರಿಸಿದಳು, ನೀವು ಈ ಕಡೆಯವರಾ, ಹೌದು, ಅಲ್ಲ, ಮುಂಚೆ. ಮುಂಚೆ ಅಂದ್ರೆ ಈ ಕಡೆಯವರೇ ಬಿಡಿ, ಈ ಮಸಿ ತೊಳೆದ್ರೆ ಹೋಗುತ್ತಾ. ಹೋಗುವುದಿಲ್ಲ. ಹೊರಗೆ ಗಾಳಿ ಹರಿತ, ದಂಡೆಯ ಮೆಟ್ಟಿಲು ಹತ್ತಿದರೆ ರೈನ್, ಅಗಲ, ಬೂದು, ಯಾರನ್ನೂ ತಿರುಗಿ ನೋಡದ ನೀರು, ಇಲ್ಲೇ ಎಲ್ಲೋ ರೂರ್ ನದಿ ಬಂದು ಅದಕ್ಕೆ ಸೇರುತ್ತದೆ, ಸೇರಿದ್ದು ಗೊತ್ತೇ ಆಗುವುದಿಲ್ಲ. ಅದಿರಿನ ದೋಣಿಯೊಂದು ಹೊಟ್ಟೆ ಮುಳುಗುವಷ್ಟು ಭಾರ ಹೊತ್ತು ಹೊಳೆಯ ಮೇಲಕ್ಕೆ ಹೋಗುತ್ತಿದೆ, ಅದರ ಎಂಜಿನ್ನಿನ ಗುದ್ದು ಮೊದಲು ಅಂಗಾಲಿಗೆ, ಆಮೇಲೆ ಕಿವಿಗೆ. ಗಂಟೆ ಇನ್ನೂ ಒಂದೂವರೆ. ಬೇಕೆಂದೇ ಬೇಗ ಬಂದಳೇ, ತಡ ಮಾಡಲೆಂದು ಈ ದಾರಿ ಹಿಡಿದಳೇ, ನೇರ ಬೀದಿಯಲ್ಲಿ ಹೋಗಿದ್ದರೆ ನಾಲ್ಕು ನಿಮಿಷ. ಹೇಳಿ ಏನಾಗಬೇಕು, ಅದನ್ನೂ ರೈಲಿನಲ್ಲಿ ಕೇಳಿಕೊಂಡಾಗಿದೆ, ಎಂಬತ್ತೆಂಟು ವರ್ಷದವನು, ಒಂದು ವಾರವೋ ಎರಡೋ, ಹೆಂಡತಿ ಒಂದೇ ಕ್ಷಣಕ್ಕೆ ಹೋದಳು ಎಂಬ ನಂಬಿಕೆಯನ್ನೇ ದಿಂಬು ಮಾಡಿಕೊಂಡು ಇಷ್ಟು ವರ್ಷ ಮಲಗಿದವನು, ಆ ದಿಂಬನ್ನು ಈಗ ಎಳೆದುಕೊಳ್ಳುವುದೇ. ಎಳೆಯದಿದ್ದರೆ ತಾನು ಅದನ್ನು ಹೊತ್ತೇ ಹೋಗಬೇಕು, ಹೇಳಿಕೊಳ್ಳಲು ಭೂಮಿಯ ಮೇಲೆ ಬೇರೆ ಕಿವಿ ಇಲ್ಲ, ಗಂಡನಿಗೆ ಹೇಳಲಿಲ್ಲ, ಅವನೂ ಹೋದ, ಪಾದ್ರಿಯ ಮುಂದೆ ಮಂಡಿಯೂರಿ ಸಕ್ಕರೆ ಕದ್ದದ್ದು ಹೇಳಿದಳು, ಇದನ್ನು ಹೇಳಲಿಲ್ಲ. ಇದು ಅಪ್ಪನಿಗೆ ಸೇರಿದ್ದು. ಅವನ ಹೆಂಡತಿಯ ಎರಡು ಗಂಟೆ, ಮಗಳು ಎತ್ತಿಟ್ಟುಕೊಂಡಿದ್ದಾಳೆ.

ಆ ದಿನ ಶುಕ್ರವಾರ, ಶುಕ್ರವಾರ ಮಾಂಸವಿಲ್ಲ, ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸುವ ರೊಟ್ಟಿ, ಜೊತೆಗೆ ಸೇಬಿನ ಮುರಬ್ಬ, ಸ್ಕೂಲಿನಿಂದ ಓಡಿ ಬಂದು ಬಾಗಿಲಲ್ಲಿ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆ, ಅಡುಗೆಮನೆಯಲ್ಲಿ ಅಮ್ಮ ಮೇಜಿನ ಮುಂದೆ ಕೂತು ತುರಿಯುತ್ತಿದ್ದಾಳೆ, ತುರಿಮಣೆಯ ಕೆಳಗೆ ಮಡಿಸಿದ ಟವೆಲ್, ಸದ್ದಾಗದಂತೆ. ಗೋಡೆಯ ಗಡಿಯಾರ ಹನ್ನೆರಡೂ ಮುಕ್ಕಾಲು. ಅಮ್ಮ ಕತ್ತೆತ್ತಿ ನೋಡಿ ನಗಲು ಹೋದಳು, ನಗು ಒಂದು ಕಡೆಗೆ ಮಾತ್ರ ಬಂತು, ಇನ್ನೊಂದು ಕಡೆ ಅಲ್ಲೇ ನಿಂತಿತು, ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು ಗೆರ್ಲಿಂಡೆ, ತಾನೂ ಬಾಯಿ ಸೊಟ್ಟ ಮಾಡಿ ತೋರಿಸಿದಳು — ಅದು ಮರೆಯುವಂಥದ್ದಲ್ಲ, ಸಾಯುವವರೆಗೆ ಅಲ್ಲ, ತಾನೂ ಬಾಯಿ ಸೊಟ್ಟ ಮಾಡಿ ತೋರಿಸಿದ್ದು. ಆಮೇಲೆ ಅಮ್ಮ ಕುರ್ಚಿಯಿಂದ ಜಾರಿದಳು, ಮೈ ಮೆತ್ತಗೆ ಇಳಿಯಿತು, ಕುರ್ಚಿ ಬಿತ್ತು, ಹಲಗೆಯ ನೆಲದ ಮೇಲೆ ಒಂದೇ ಒಂದು ಏಟು, ಮನೆಯಿಡೀ ಕೇಳುವಂಥದ್ದು. ಗೆರ್ಲಿಂಡೆ ಉಸಿರು ಬಿಗಿಹಿಡಿದು ಮಲಗುವ ಕೋಣೆಯ ಬಾಗಿಲು ನೋಡಿದಳು. ಮೊದಲು ಬಾಗಿಲು ನೋಡಿದಳು, ಅಮ್ಮನನ್ನಲ್ಲ. ಬಾಗಿಲು ತೆರೆಯಲಿಲ್ಲ, ಒಳಗೆ ಮಂಚ ಒಂದು ಸಲ ಕಿರುಗುಟ್ಟಿತು, ಅಷ್ಟೇ. ಅಮ್ಮ ನೆಲದ ಮೇಲೆ ಕಣ್ಣು ಬಿಟ್ಟು ಮಲಗಿದ್ದಳು, ಗೆರ್ಲಿಂಡೆ ಕೂಗಲು ಬಾಯಿ ತೆರೆದಳು, ಹೌದು, ತೆರೆದಿದ್ದಳು, ಗಂಟಲವರೆಗೆ ಅಪ್ಪಾ ಎಂಬುದು ಬಂದಿತ್ತು, ಆಗ ಅಮ್ಮನ ಎಡಗೈ ನೆಲದಿಂದ ಎದ್ದಿತು, ನಿಧಾನ, ಬೇರೆ ಯಾರದೋ ಕೈಯ ಹಾಗೆ, ತೋರುಬೆರಳು ತುಟಿಯ ಮೇಲೆ ಬಂದು ನಿಂತಿತು. ಬೆರಳಿಗೆ ಆಲೂಗಡ್ಡೆಯ ಗಂಜಿ, ಬಿಳಿ, ಅಂಚಿನಲ್ಲಿ ಆಗಲೇ ಒಣಗುತ್ತಿದೆ.

ಸರಿ ಅಮ್ಮಾ. ಕೂಗುವುದಿಲ್ಲ. ಶೂಗಳನ್ನು ಗೋಡೆಗೊರಗಿಸಿದಳು, ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು, ಒಂದು ಕಾಲು, ಇನ್ನೊಂದು, ಮೂರನೆಯದು, ನಾಲ್ಕನೆಯದು, ಚೂರೂ ಸದ್ದಿಲ್ಲ, ಅಮ್ಮ ಮೆಚ್ಚಬೇಕು ಹಾಗೆ. ತಲೆಯ ಕೆಳಗೆ ತನ್ನ ಕೋಟು ಮಡಿಸಿಟ್ಟಳು, ಪಕ್ಕದಲ್ಲಿ ಮಲಗಿ ಅಮ್ಮನ ಕೈ ಹಿಡಿದುಕೊಂಡಳು, ಮೂರಕ್ಕೆ ಅಪ್ಪನ ಅಲಾರಂ ಹೊಡೆಯುತ್ತದೆ, ಮೂರಕ್ಕೆ ಎಲ್ಲಾ ಸರಿಹೋಗುತ್ತದೆ, ಎಷ್ಟೋ ಸಲ ಹೀಗೇ ಕಾದಿದ್ದಳಲ್ಲ, ಮಂಡಿ ತರಚಿದಾಗ, ಜ್ವರ ಬಂದಾಗ, ಮೂರರವರೆಗೆ. ಅಮ್ಮನ ಉಸಿರು ಗರಗಸದ ಹಾಗೆ, ಅದೂ ಮೆಲ್ಲಗಿನ ಗರಗಸ. ಮೇಜಿನ ಮೇಲೆ ಬಟ್ಟಲಿನಲ್ಲಿ ತುರಿದ ಆಲೂಗಡ್ಡೆ, ಬಿಳಿಯದು ಗುಲಾಬಿಯಾಯಿತು, ಗುಲಾಬಿಯದು ಕಂದಾಯಿತು, ಕಂದು ಕಪ್ಪಾಯಿತು, ಎದ್ದೆದ್ದು ನೋಡಿದಳು, ಗಡಿಯಾರಕ್ಕಿಂತ ಅದೇ ವೇಗವಾಗಿ ನಡೆಯುತ್ತಿತ್ತು. ಕೆಳಗಿನ ಮನೆಯಲ್ಲಿ ಯಾರೋ ಕೆಮ್ಮಿದರು, ದೂರದಲ್ಲಿ ಕಾರ್ಖಾನೆ ಒಂದು ಸಲ ನಿಟ್ಟುಸಿರು ಬಿಟ್ಟಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಗರಗಸ ನಿಂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಒಂಬತ್ತು ವರ್ಷದ ಹುಡುಗಿಗೆ ಹೆಮ್ಮೆಯಾಯಿತು. ಆಮೇಲೆ ಅಲಾರಂ. ಅಪ್ಪ ಕಾಲುಚೀಲದಲ್ಲಿ ಬಾಗಿಲಿಗೆ ಬಂದು ನಿಂತ, ಒಂದು ಭುಜದ ಮೇಲೆ ಮಾತ್ರ ಪ್ಯಾಂಟಿನ ಪಟ್ಟಿ, ಲಿಂಡೆ, ಯಾವಾಗ, ಯಾವಾಗ ಬಿದ್ಲು ಅಮ್ಮ? ಅವನಿಗೆ ಗೆರ್ಲಿಂಡೆ ಯಾವಾಗಲೂ ಲಿಂಡೆ. ಅವನ ಮುಖ ನೋಡಿದಳು, ಬ್ರೂನೋ ಮಾಮನ ಮಕ್ಕಳ ಮುಖ ಹಾಗೇ ಇತ್ತು, ಈಗ, ಅಂದಳು, ಈಗಷ್ಟೇ.

ಈಗಷ್ಟೇ. ಆ ಪದ ಮನೆಯಿಂದ ಬೀದಿಗೆ, ಬೀದಿಯಿಂದ ಚರ್ಚಿಗೆ ಹೋಯಿತು, ಟ್ರೂಡೆ ಚಿಕ್ಕಮ್ಮ ಬಂದವರಿಗೆಲ್ಲ ಕಾಫಿ ಕೊಡುತ್ತ, ಪುಣ್ಯವಂತೆ ನಮ್ಮಕ್ಕ, ನರಳಲಿಲ್ಲ, ದೀಪ ಆರಿದ ಹಾಗೆ, ಮಗು ಕಣ್ಮುಂದೇನೇ, ಒಂದು ನಿಮಿಷ ಕೂಡ ಇಲ್ಲ. ಪಾದ್ರಿ ಮಣ್ಣು ಹಾಕುತ್ತ ಅದನ್ನೇ ಲ್ಯಾಟಿನ್ನಿನ ನಡುವೆ ಜರ್ಮನ್‌ನಲ್ಲಿ ಹೇಳಿದರು. ಅಪ್ಪ ಮತ್ತೆ ಕೇಳಲಿಲ್ಲ, ಆ ಬಟ್ಟಲನ್ನು ಅವನೇ ತೊಳೆದ, ನೆನಪಿದೆ, ಸಂಜೆ ಎಲ್ಲರೂ ಹೋದಮೇಲೆ ಕಪ್ಪಗೆ ಗಟ್ಟಿಯಾದದ್ದನ್ನು ಉಗುರಿನಿಂದ ಕೆರೆದು ಕೆರೆದು ತೊಳೆದ, ತುಂಬಾ ಹೊತ್ತು ಅದರ ತಳ ನೋಡಿದ. ಆಲೂಗಡ್ಡೆ ರೊಟ್ಟಿ ಅವನು ಮತ್ತೆ ತಿನ್ನಲಿಲ್ಲ, ಜಾತ್ರೆಯ ಅಂಗಡಿಯ ಮುಂದೆ ವಾಸನೆ ಬಂದರೆ ರಸ್ತೆ ದಾಟುತ್ತಿದ್ದ, ದುಃಖ ಅಂದುಕೊಂಡಿದ್ದಳು. ರಾತ್ರಿ ಪಾಳಿ ಬಿಡಲಿಲ್ಲ, ಕೆಲಸ ಕೆಲಸವೇ, ಬಾಗಿಲಿಗೆ ಹಲಗೆ ನೇತುಹಾಕಲು ಹೋದರೆ ಕೈಯಿಂದ ಕಿತ್ತುಕೊಂಡು ಒಲೆಗೆ ಹಾಕಿದ, ಬಳ್ಳಿಯ ಸಮೇತ, ಗದ್ದಲ ಮಾಡು ಲಿಂಡೆ, ಅಂದ, ಹಾಡು, ಕುಣಿ, ಏನಾದ್ರೂ ಬೀಳಿಸು, ಕೇಳಿಸ್ತಾ ಇರಬೇಕು ನಂಗೆ. ಆದರೆ ಅಷ್ಟರಲ್ಲಿ ಅವಳಿಗೆ ಬಾರದಾಗಿತ್ತು, ಸದ್ದು ಮಾಡದೆ ಬೆಳೆದಳು, ಸದ್ದು ಮಾಡದೆ ಬ್ರೆಮೆನ್‌ಗೆ ಹೋದಳು, ಅಲ್ಲಿ ಯಾರೋ ಇವಳ ಗಂಟಲು ಚೆನ್ನಾಗಿದೆ ಎಂದು ಮೈಕಿನ ಮುಂದೆ ಕೂರಿಸಿದರು, ತಮಾಷೆಯೇ ಸರಿ. ಮತ್ತೆ ಆ ಬೆರಳು, ಎಷ್ಟೋ ವರ್ಷದ ಮೇಲೆ ಗಂಡನ ಪಕ್ಕ ಎಚ್ಚರವಾಗಿ ಮಲಗಿದ್ದಾಗ ಮೊದಲ ಸಲ ಹೊಳೆದದ್ದು, ಅದು ಸುಮ್ಮನಿರು ಎಂದದ್ದೇ ಹೌದಾ, ಸತ್ತುಹೋದ ತನ್ನ ತುಟಿಯನ್ನು ಅಮ್ಮ ಮುಟ್ಟಿ ನೋಡಿಕೊಂಡದ್ದಲ್ಲವಾ, ನನಗೆ ಬಾಯಿಲ್ಲ, ನೀನು ಕೂಗು ಎಂದದ್ದಲ್ಲವಾ. ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದಿಲ್ಲ, ಹಳಿ ಮುಗಿದ ಹಾಗೆ.

ವೃದ್ಧಾಶ್ರಮದ ಬಾಗಿಲಲ್ಲಿ ಚಂದದ ಅಚ್ಚಿನ ಫಲಕ, ಒಂದರಿಂದ ಮೂರು ವಿಶ್ರಾಂತಿಯ ಸಮಯ, ದಯವಿಟ್ಟು ನಿಶ್ಶಬ್ದ. ಗೆರ್ಲಿಂಡೆ ನಿಂತೇಬಿಟ್ಟಳು. ಮೂರರವರೆಗೆ ದಂಡೆಯ ಮೇಲೇ ಅಡ್ಡಾಡಬಹುದು, ಮೂರಕ್ಕೆ ಬರಬಹುದು, ಇಷ್ಟು ವರ್ಷ ಕಾದವಳಿಗೆ ಒಂದು ಗಂಟೆ — ಅಷ್ಟರಲ್ಲಿ ಬಾಗಿಲು ಒಳಗಿನಿಂದ ತೆರೆಯಿತು, ಹಸಿರು ಅಂಗಿ, ಕಿವಿಯಲ್ಲಿ ಬಳೆಯಗಲದ ರಿಂಗು, ಬ್ರೆಮೆನ್ನಿನವರು ತಾನೇ, ಬನ್ನಿ ಬನ್ನಿ, ಹೊರಗೆ ಯಾಕೆ ನಿಂತ್ರಿ, ಫಲಕ ನೋಡಿದ್ರಾ, ಅದು ಮಾರಾಟಗಾರರಿಗೆ, ಮಕ್ಕಳಿಗಲ್ಲ. ನೆರ್ಮಿನ್ ಮುಂದೆ ನಡೆದಳು, ಅವಳ ಚಪ್ಪಲಿ ಚಟಪಟ ಸದ್ದು ಮಾಡುತ್ತಿತ್ತು, ಅದು ಗೆರ್ಲಿಂಡೆಗೆ ಹಿತವಾಯಿತು. ನಮ್ಮ ತಾತನೂ ಅದೇ ಕುಲುಮೆ ಕಣಮ್ಮ, ತುರ್ಕಿಯಿಂದ ಬಂದವ್ರು, ಹಗಲೆಲ್ಲ ಮಲಗೋರು, ನಮ್ಮಜ್ಜಿ ಸೋಪು ಹಾಕಿ ತೊಳೆದ ಹಾಗೆ ಮಕ್ಕಳ ಬಾಯಿಂದ ಸದ್ದೆಲ್ಲಾ ತೊಳೆದಿಡೋಳು, ಉಸಿರೂ ಇಲ್ಲ. ನಿಮ್ಮಪ್ಪ ನಂಗೆ ಏನಂತಾರೆ ಗೊತ್ತಾ, ನೆರ್ಮಿನ್, ನೀನು ಗದ್ದಲದ ಹುಡುಗಿ, ನೀನು ಒಳ್ಳೇವಳು. ಮೊದಲು ಬೈಗುಳ ಅಂದ್ಕೊಂಡಿದ್ದೆ. ಬಾಗಿಲು ಹಾಕೋಕೇ ಬಿಡಲ್ಲ, ಯಾವಾಗ್ಲೂ ಅಷ್ಟಗಲ ತೆಗೆದಿರಬೇಕು. ಎಬ್ಬಿಸಿ, ಸಂಕೋಚ ಬೇಡ, ಹಗಲು ಮಲಗಿದ್ರೆ ರಾತ್ರಿ ಎದ್ದು ಕೂತ್ಕೋತಾರೆ. ಭುಜ ಹಿಡಿದು ಅಲ್ಲಾಡಿಸಿ, ಒಡೆದು ಹೋಗಲ್ಲ ಆ ಮುದುಕ, ಕಬ್ಬಿಣ. ಬೇಕಾದ್ರೆ ನಾನೇ ಕೂಗ್ಲಾ? ಬೇಡ, ಅಂದಳು ಗೆರ್ಲಿಂಡೆ, ನಾನೇ.

ಕೋಣೆಯ ಪರದೆ ಅರ್ಧ ಎಳೆದಿದೆ, ಉಳಿದರ್ಧದಲ್ಲಿ ರೈನ್. ಅಪ್ಪ ಇಷ್ಟು ಚಿಕ್ಕವನಾಗಿದ್ದು ಯಾವಾಗ, ಹೊದಿಕೆಯ ಕೆಳಗೆ ಒಂದು ಮಡಿಕೆಯಷ್ಟೇ ಇದ್ದಾನೆ, ಬಾಯಿ ತೆರೆದಿದೆ, ಹೊದಿಕೆಯ ಮೇಲೆ ಎರಡು ಕೈ, ಕಿಡಿ ಸಿಡಿದ ಕಲೆಗಳು ಸಿಡುಬಿನ ಹಾಗೆ, ಚಿಕ್ಕಂದಿನಲ್ಲಿ ಅವನ್ನು ಎಣಿಸುತ್ತಿದ್ದಳು, ಎಡಗೈಯಲ್ಲಿ ಮೂವತ್ತೇಳು. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು, ಅದರ ಮೇಲೆ ಚೀಲ, ಮಂಚದ ಹತ್ತಿರ ನಿಂತಳು. ಕೈ ಎತ್ತಿದಳು. ಭುಜಕ್ಕೂ ಕೈಗೂ ನಡುವೆ ಒಂದು ಗೇಣು. ಆಯುಷ್ಯದಲ್ಲಿ ಒಂದು ಸಲವೂ ಈ ಮನುಷ್ಯನನ್ನು ನಿದ್ದೆಯಿಂದ ಎಬ್ಬಿಸಿಲ್ಲ, ಬೇರೆಯವರ ಅಪ್ಪಂದಿರ ಮೇಲೆ ಭಾನುವಾರ ಮಕ್ಕಳು ಹಾರಿ ಬೀಳುತ್ತಿದ್ದರಂತೆ, ಅಪ್ಪಾ, ಅಮ್ಮ ಬಿದ್ದ ಮೇಲೆ, ಅಪ್ಪಾ, ಒಂದು ಗೇಣು, ಕೈ ಇಳಿಯುತ್ತಿಲ್ಲ, ಒಂದು ದೋಣಿ ದಾಟಿತು, ಲೋಟದ ನೀರು ನಡುಗಿ ನಿಂತಿತು, ಕೈ ಅಲ್ಲೇ ಇದೆ, ಇಲ್ಲ, ಆಗುವುದಿಲ್ಲ, ಮಲಗಲಿ, ಮಲಗಿದ್ದಾನೆ, ಮೂರಕ್ಕೆ — ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಬೆನ್ನು ಚೀಲಕ್ಕೆ ತಾಗಿತು, ಕೋಟು ಚೀಲಗಳ ಭಾರಕ್ಕೆ ಕುರ್ಚಿ ಹಿಂದಕ್ಕೆ ವಾಲಿ ಬಿತ್ತು, ಒಂದೇ ಒಂದು ಏಟು. ಅವಳು ಬಾಗಿಲು ನೋಡಿದಳು. ಈಗಲೂ ಮೊದಲು ಬಾಗಿಲನ್ನೇ. ಆಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಕುರ್ಚಿ ಎತ್ತಿದಳು, ಒಂದು ಕಾಲು, ಇನ್ನೊಂದು, ಮೂರನೆಯದು, ನಾಲ್ಕನೆಯದು, ಚೂರೂ ಸದ್ದಿಲ್ಲ. ಎತ್ತಿಟ್ಯಾ, ಎಂದಿತು ಮಂಚದಿಂದ ದನಿ. ಅಪ್ಪನ ಕಣ್ಣು ಮುಚ್ಚಿಯೇ ಇತ್ತು. ಹೂಂ ಅಪ್ಪಾ. ಲಿಂಡೆನಾ? ಹೂಂ. ಆವತ್ತೂ ಎತ್ತಿಟ್ಟವಳು ನೀನೇ. ಗೆರ್ಲಿಂಡೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು, ಕುರ್ಚಿಯ ವಿಷಯ ಯಾರಿಗೂ ಗೊತ್ತಿಲ್ಲ, ಟ್ರೂಡೆ ಚಿಕ್ಕಮ್ಮನಿಗಿಲ್ಲ, ಪಾದ್ರಿಗಿಲ್ಲ, ಅವನು ಬಾಗಿಲಿಗೆ ಬಂದಾಗ ಅದು ಮೇಜಿನ ಪಕ್ಕ ನೆಟ್ಟಗೆ ನಿಂತಿತ್ತು. ಅಪ್ಪ ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತಿದ್ದ, ಬಿದ್ದ ಸದ್ದು ಕೇಳ್ತು, ಗಡಿಯಾರ ನೋಡ್ದೆ, ಇನ್ನೂ ಒಂದೂ ಆಗಿರ್ಲಿಲ್ಲ. ಇನ್ನೊಂದು ಸದ್ದಾದ್ರೆ ಎದ್ದು ಬೈಬೇಕು ಅಂತ ಕಾದೆ. ಆಗಲಿಲ್ಲ. ಎಂಥ ಒಳ್ಳೇ ಮಗು ಅಂದ್ಕೊಂಡೆ. ನಿದ್ದೆ ಬಂತು. ನೀನು ಈಗಷ್ಟೇ ಅಂದೆ, ನಾನು ಹೂಂ ಅಂದೆ. ಬ್ರೆಮೆನ್‌ನಿಂದ ಹೊತ್ತು ತಂದ ವಾಕ್ಯ ಬಾಯಲ್ಲಿ ಹಾಗೇ ಇತ್ತು, ಅದರ ಅಗತ್ಯ ಯಾವತ್ತೂ ಇರಲಿಲ್ಲ, ಆ ಬಟ್ಟಲಿನ ತಳ, ಒಲೆಗೆ ಹಾಕಿದ ಹಲಗೆ, ತೆರೆದೇ ಇರಬೇಕಾದ ಬಾಗಿಲು, ಐವತ್ತನಾಲ್ಕು ವರ್ಷ ಇಬ್ಬರೂ ಒಂದೇ ಗೋಡೆಯ ಎರಡು ಬದಿಗೆ ಕಿವಿಯಿಟ್ಟು ಸದ್ದಿಲ್ಲದೆ ಕೂತಿದ್ದರು. ಅಪ್ಪ ಕಣ್ಣು ತೆರೆದ. ತಿಳಿಯಾದ ಕಣ್ಣು, ಪೂರಾ ಎಚ್ಚರ, ಅಲಾರಂ ಹೊಡೆದವನ ಕಣ್ಣು. ಅಲ್ಲಿವರೆಗೆ ಅವಳು, ಅಂದ, ಏನಾದ್ರೂ ಹೇಳಿದ್ಲಾ ಲಿಂಡೆ? ಹೇಳಬೇಕು, ಹೇಳಲೆಂದೇ ಬಂದದ್ದು, ಬಾಯಿ ತೆರೆದಳು, ಏನು ಹೇಳಿದಳು ಅಮ್ಮ, ಸುಮ್ಮನಿರು ಅಂದಳಾ, ಕೂಗು ಅಂದಳಾ, ನೀನೇ ನೋಡು ಅಪ್ಪಾ, ನನಗೆ ಗೊತ್ತಾಗಲಿಲ್ಲ, ನಾನು ಒಂಬತ್ತು ವರ್ಷದವಳು, ನೀನೇ ನೋಡು, ಮಾತು ಬಾಯಿಂದ ಹೊರಡುವ ಮೊದಲೇ ಎಡಗೈ ತಾನಾಗಿ ಏಳುತ್ತಿದೆ, ನಿಧಾನ, ಬೇರೆ ಯಾರದೋ ಕೈಯ ಹಾಗೆ, ಅಪ್ಪ ಅದನ್ನೇ ನೋಡುತ್ತಿದ್ದಾನೆ, ರೆಪ್ಪೆ ಮಿಟುಕಿಸುತ್ತಿಲ್ಲ, ಬೆರಳು, ತುಟಿಯ ಮೇಲೆ, ಆಲೂಗಡ್ಡೆಯ ಗಂಜಿ, ಬಿಳಿ, ಅಂಚಿನಲ್ಲಿ ಒಣಗುತ್ತ, ಬೆರಳು